ಹದಿನಾಲ್ಕನೆಯ ಪಿನ್ನು

ಗುಬ್ಬಿಯ ಆ ಮನೆಯಲ್ಲಿ ನಮ್ಮ ಮನೆ ಮಾಲೀಕರ ಎಡಗೈ ಕಂಪ್ಯೂಟರಿನ ಡಬ್ಬಕ್ಕೆ ಅಂಟಿಕೊಂಡು ಎಷ್ಟು ಹೊತ್ತು ಇತ್ತು ಎನ್ನುವುದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಮೂರು ಸೆಕೆಂಡು ಇರಬಹುದು, ಐದೂ ಇರಬಹುದು. ಪಾಠ ಮಾಡುವಾಗ, ಸ್ಕೂಟರು ಸಿಗ್ನಲ್ಲಿನಲ್ಲಿ ನಿಂತಾಗ, ಸಾರಿಗೆ ಒಗ್ಗರಣೆ ಹಾಕುವಾಗ ಅದು ಮೊದಲಿನಿಂದ ಮತ್ತೆ ನಡೆಯುತ್ತದೆ. ಪ್ರತಿ ಸಲವೂ ನಾನು ಒಂದೇ ಕೆಲಸ ಮಾಡುತ್ತೇನೆ. ಅಂದರೆ, ಏನೂ ಮಾಡುವುದಿಲ್ಲ. ನಾನು ತುಮಕೂರಿನ ಬಟವಾಡಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಲೋಹದ ಮೈಯಿರುವ ಉಪಕರಣಗಳಿಗೆ ಅರ್ಥಿಂಗ್ ಏಕೆ ಬೇಕು ಎಂದು ಮಕ್ಕಳನ್ನು ಕೇಳಿ, ಸರಿಯಾಗಿ ಬರೆದವರಿಗೆ ಎರಡು ಅಂಕ ಕೊಡುತ್ತೇನೆ.

ಅವರು ತೀರಿಕೊಂಡದ್ದು ಅದರಿಂದಲ್ಲ. ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ಸಾವಿನಲ್ಲಿ ಕರೆಂಟಿನ ಪಾತ್ರವೇನೂ ಇಲ್ಲ. ಆಗ ಬಡಾವಣೆಯಲ್ಲಿ ಕರೆಂಟೇ ಇರಲಿಲ್ಲ.

ಇಲ್ಲಿನ ಸದಾಶಿವನಗರದಲ್ಲಿ ಕೆಳಗಿನ ಮನೆ ಅವರದು, ಮೇಲಿನದರಲ್ಲಿ ನಾವು ಬಾಡಿಗೆಗೆ. ಸರ್ಕಾರಿ ಕಚೇರಿಯೊಂದಕ್ಕೆ ಬೆರಳಚ್ಚುಗಾರರಾಗಿ ಸೇರಿ, ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ನಿವೃತ್ತಿಯ ವಾರದಲ್ಲೇ ಅವರ ಕಚೇರಿಯ ಹಳೆಯ ಕಂಪ್ಯೂಟರುಗಳನ್ನು ಲಾರಿಗೆ ತುಂಬಿ ಗುಜರಿಗೆ ಕಳಿಸಿದರಂತೆ. ತಮ್ಮನ್ನೂ ಅದೇ ಲಾರಿಯಲ್ಲಿ ಕಳಿಸಿದಷ್ಟು ಅವಮಾನ ಅವರಿಗೆ ಆಯಿತು. ಅಂದಿನಿಂದ ತುಮಕೂರಿನ ಸುತ್ತ ಯಾವ ಮನೆಯ ಕಂಪ್ಯೂಟರೂ ಗುಜರಿ ಸೇರಕೂಡದು ಎಂದು ತೀರ್ಮಾನಿಸಿದರು.

ಹತ್ತು ಹನ್ನೆರಡು ವರ್ಷದ ಡಬ್ಬವನ್ನು ಬಿಸಾಕುತ್ತೇವೆಂದು ಯಾರಾದರೂ ಬಾಯಿತಪ್ಪಿ ಹೇಳಿದರೆ ಸಾಕು, ಹೆಣ್ಣು ನೋಡಲು ಹೊರಟವರಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಲ್ಲಿಗೆ ಹೋಗುತ್ತಿದ್ದರು. ಡಬ್ಬದ ಬೆನ್ನು ಸವರಿ ಹೇಳುತ್ತಿದ್ದರು.

“ಸತ್ತಿಲ್ಲ ಕಣ್ರೀ ಇದು, ಸುಸ್ತಾಗೈತೆ. ಮೈಮೇಲೆ ಭಾರ ಜಾಸ್ತಿ ಹಾಕ್ಬುಟ್ಟಿದೀರ. ಇಳ್ಸನ.”

ಇಳಿಸುವುದು ಎಂದರೆ ಒಳಗಿರುವ ಹಳೆಯ ವ್ಯವಸ್ಥೆಯನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕುವುದು. ಅದು ಬಿಟ್ಟಿ ಸಿಗುತ್ತದೆ, ಹಗುರವಾಗಿರುತ್ತದೆ, ಮುದಿ ಯಂತ್ರದಲ್ಲೂ ಓಡುತ್ತದೆ. ಅದನ್ನು ತುಂಬಿದ ಪೆನ್‌ಡ್ರೈವು ಕನ್ನಡಕದ ಡಬ್ಬಿಯಲ್ಲಿ ಸದಾ ಅವರ ಜೇಬಿನಲ್ಲಿತ್ತು. ಕನ್ನಡಕವನ್ನು ಮಾತ್ರ ಎಲ್ಲೆಲ್ಲೋ ಬಿಟ್ಟು ಬರುತ್ತಿದ್ದರು.

ಆದರೆ ಕಚೇರಿಯ ಮನುಷ್ಯ. ಅಳಿಸುವ ಗುಂಡಿ ಒತ್ತುವ ಮೊದಲು ಮನೆಯ ಯಜಮಾನರಿಂದ ಬಿಳಿ ಹಾಳೆಯ ಮೇಲೆ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು. “ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಸಮಸ್ತ ಫೈಲುಗಳನ್ನು ಖುದ್ದು ಪರಿಶೀಲಿಸಿ ಬೇಕಾದುದನ್ನು ತೆಗೆದಿಟ್ಟುಕೊಂಡಿರುತ್ತೇನೆ, ಉಳಿದುದು ಹೋದಲ್ಲಿ ನನ್ನ ಯಾವುದೇ ತಕರಾರು ಇರುವುದಿಲ್ಲ.” ಕೆಳಗೆ ಸಹಿ, ಇಬ್ಬರು ಸಾಕ್ಷಿಗಳು. ಎಷ್ಟೋ ಕಡೆ ಆ ಸಾಕ್ಷಿಗಳಲ್ಲಿ ಒಬ್ಬಳು ನಾನು. ಮಂಡಿ ಹಿಡಿದುಕೊಂಡ ಮೇಲೆ ಅವರು ಸ್ಕೂಟರು ಬಿಟ್ಟಿದ್ದರಿಂದ, ಭಾನುವಾರಗಳಲ್ಲಿ ನನ್ನ ಸ್ಕೂಟರಿನ ಹಿಂದೆ ಬ್ಯಾಗನ್ನು ತಬ್ಬಿಕೊಂಡು ಕೂರುತ್ತಿದ್ದರು.

ಈ ಮುಚ್ಚಳಿಕೆಗೆ ಕಾರಣ ಕೋರ ಎಂಬ ಹಳ್ಳಿಯ ಒಬ್ಬ ರೈತರು. ಮೊದಮೊದಲ ಉತ್ಸಾಹದಲ್ಲಿ ಅವರ ಕಂಪ್ಯೂಟರಿನಿಂದ ಮಗಳ ಮದುವೆಯ ವಿಡಿಯೋ ಪೂರ್ತಿ ಅಳಿಸಿಹೋಗಿತ್ತು. ಇವರು ತಲೆ ತಗ್ಗಿಸಿ ನಿಂತರೆ ಆ ಪುಣ್ಯಾತ್ಮ ಸಮಾಧಾನ ಹೇಳಿದರಂತೆ.

“ಹೋಗ್ಲಿ ಬುಡಿ ಸಾ. ಅದ್ರಾಗೆ ಇದ್ದಿದ್ದೇ ನಮ್ ಭಾವಮೈದ ಉಣ್ಣೋದು. ಮೂರು ಗಂಟೆ ಉಂಡವ್ನೆ.”

ಕೋರದವರು ಕ್ಷಮಿಸಿದರೂ ಇವರು ತಮ್ಮನ್ನು ಕ್ಷಮಿಸಿಕೊಳ್ಳಲಿಲ್ಲ. ಆಮೇಲೆ ಒಂದು ಫೋಟೋ ಕೂಡ ಅವರ ಕೈಯಿಂದ ಹೋದದ್ದಿಲ್ಲ. ಅಷ್ಟು ಜಾಗರೂಕತೆ.

ಹೀಗೆ ಮರುಹುಟ್ಟು ಪಡೆದ ಯಂತ್ರಗಳು ಲೋಕಕ್ಕೆ ಏನು ಮಾಡಿದವು ಎಂದು ಕೇಳಬಾರದು. “ಇದು ಸ್ವತಂತ್ರ ತಂತ್ರಾಂಶ ಕಣ್ರೀ. ಯಾವ ಕಂಪನಿ ಹಂಗೂ ಇಲ್ಲ. ಬೇಕಾದ್ರೆ ಒಳಗಿರೋದನ್ನ ನೀವೇ ತಿದ್ದಬೋದು” ಎಂದು ಅವರು ಅರ್ಧ ಗಂಟೆ ವಿವರಿಸಿದ ಮೇಲೆ ಮನೆಯವರು ಕೇಳುತ್ತಿದ್ದ ಪ್ರಶ್ನೆ ಒಂದೇ. “ಇಸ್ಪೀಟು ಬತ್ತದಾ ಸಾ ಇದ್ರಲ್ಲಿ?” ಬರುತ್ತಿತ್ತು. ಪಾಸ್‌ವರ್ಡನ್ನು ಪ್ರಾಣ ಹೋದರೂ ಯಾರಿಗೂ ಹೇಳಬಾರದು ಎಂದು ಎಚ್ಚರಿಸುವುದು, ಮರೆತು ಫೋನು ಮಾಡಿಯಾರೆಂದು ಅದನ್ನೇ ಗೋಡೆಯ ಮೇಲೆ ಗ್ಯಾಸಿನವರ ನಂಬರಿನ ಕೆಳಗೆ ದಪ್ಪಕ್ಷರದಲ್ಲಿ ಬರೆಯುವುದು, ಇವೆರಡನ್ನೂ ಅವರು ಒಂದೇ ಭೇಟಿಯಲ್ಲಿ ಮಾಡುತ್ತಿದ್ದರು.

ಇಷ್ಟು ಜಾಗರೂಕ ಮನುಷ್ಯ ಗೋಡೆಯ ಪ್ಲಗ್ಗಿನ ಕಡೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ.

ಕಂಪ್ಯೂಟರಿನ ವೈರಿಗೆ ಮೂರು ಪಿನ್ನು. ಹಳೆಯ ಮನೆಗಳ ಗೋಡೆಯಲ್ಲಿ, ಸಂತೆಯಲ್ಲಿ ಕೊಂಡ ಎಕ್ಸ್‌ಟೆನ್ಷನ್ ಬಾಕ್ಸುಗಳಲ್ಲಿ ಎರಡೇ ತೂತು. ಮೇಲಿನ ದಪ್ಪ ಪಿನ್ನು ಅರ್ಥಿಂಗಿನದು. ಡಬ್ಬದ ಮೈಗೆ ಕರೆಂಟು ಇಳಿದರೆ ಅದನ್ನು ಭೂಮಿಗೆ ಒಯ್ದು ಮುಟ್ಟಿದವರನ್ನು ಉಳಿಸುವುದು ಅದೇ. ಅಂಥ ಮನೆಗಳಲ್ಲಿ ಅವರು ಬ್ಯಾಗಿನಿಂದ ಮುರುಕು ಹ್ಯಾಕ್ಸಾ ಬ್ಲೇಡು ತೆಗೆದು, ಪ್ಲಗ್ಗನ್ನು ಹೊಸ್ತಿಲ ಮೇಲಿಟ್ಟು ಆ ಪಿನ್ನನ್ನು ಕುಯ್ದುಬಿಡುತ್ತಿದ್ದರು.

“ಮೇಜಿಗಾದ್ರೆ ನಾಕು ಕಾಲು ಬೇಕು ಮೇಡಮ್ಮೋರೆ. ಕರೆಂಟಿಗೆ ಎರಡು ಸಾಕು. ಸದ್ಯಕ್ಕೆ ನಡೀಲಿ, ಆಮೇಲೆ ಸರಿ ಮಾಡನ.”

ಎರಡು ಮನೆಗಳಲ್ಲಿ ಕುಯ್ಯುವಾಗ ಟಾರ್ಚು ಹಿಡಿದವಳು ನಾನೇ. ಹೇಳಬೇಕೆನ್ನಿಸಿತ್ತು. ಅಷ್ಟು ತಿಳಿದವರಿಗೆ, ಅದೂ ಮನೆಯ ಮಾಲೀಕರಿಗೆ, ಹೇಗೆ ಹೇಳುವುದೆಂದು ಸುಮ್ಮನಾದೆ. ಏನನ್ನೂ ಬಿಸಾಕದ ಅವರು ಕುಯ್ದ ಹಿತ್ತಾಳೆ ತುಂಡನ್ನು ಊದಿ, ಒರೆಸಿ, ನಶ್ಯದ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು.

ಆಯುಧಪೂಜೆಯ ಮರುದಿನದಿಂದ ಒಂದು ವಾರ ಅವರ ವಾರ್ಷಿಕ ಸಂಚಾರ. ನಮ್ಮ ಜನ ಕಾರು, ಕುಡುಗೋಲು, ಹೊಲಿಗೆ ಯಂತ್ರಗಳ ಜೊತೆಗೆ ಕಂಪ್ಯೂಟರಿಗೂ ಪೂಜೆ ಮಾಡುತ್ತಾರಲ್ಲ, ಅದರಿಂದಾದ ಹಾನಿಯನ್ನು ಸರಿಪಡಿಸುವುದು. ಗಾಳಿಕಿಂಡಿಯಿಂದ ಒಳಗೆ ಹೋದ ಕುಂಕುಮ, ಫ್ಯಾನಿಗೆ ಸುತ್ತಿಕೊಂಡ ಸೇವಂತಿಗೆ ಎಸಳು, ಒಮ್ಮೆ ಮದರ್‌ಬೋರ್ಡಿನ ಮೇಲೆ ಅರ್ಧ ಹೋಳು ನಿಂಬೆಹಣ್ಣು, ಇವನ್ನೆಲ್ಲ ಪೇಂಟು ಬಳಿಯುವ ಬ್ರಷ್ಷಿನಿಂದ ಗುಡಿಸಿ ತೆಗೆದು, ಆ ವರ್ಷದ ಹೊಸ ಅಪ್‌ಡೇಟು ಹಾಕಿ ಬರುತ್ತಿದ್ದರು.

ಎರಡು ವರ್ಷದ ಹಿಂದಿನ ಸಂಚಾರದಲ್ಲಿ ಗುಬ್ಬಿಗೆ ಹೋಗಿದ್ದೆವು. ಹಿಟ್ಟಿನ ಗಿರಣಿ ನಡೆಸುವ ದಂಪತಿ. ಮುಂದೆ ಗಿರಣಿ, ಹಿಂದೆ ಮನೆ. ನಡುಮನೆಯ ಕೆಂಪು ಗಾರೆನೆಲವನ್ನು ಆಗಷ್ಟೇ ಒರೆಸಿದ್ದರು. ಇವರದು ಬರಿಗಾಲು. ಡಬ್ಬದ ಮೈತುಂಬ, ಬೆನ್ನಿನ ಕಿಂಡಿಗಳೂ ಮುಚ್ಚುವಂತೆ, ನೀರಲ್ಲಿ ಕಲಸಿದ ವಿಭೂತಿಯನ್ನು ಬಳಿದಿದ್ದರು. ಇನ್ನೂ ಆರಿರಲಿಲ್ಲ.

“ಏನಮ್ಮಾ ಇದು, ಅಭಿಷೇಕ ಮಾಡ್ಬುಟ್ರೋ ಹೆಂಗೆ?” ಎಂದರು ಇವರು, ಯಂತ್ರ ಚಾಲೂ ಮಾಡಿ ಅಪ್‌ಡೇಟಿಗೆ ಹಚ್ಚುತ್ತ.

“ಇಲ್ಲ ಸಾ, ಒದ್ದೆ ಬಟ್ಟೇಲಿ ಒರ್ಸಿ ಇಬೂತಿ ಇಟ್ಟಿದೀನಿ ಅಷ್ಟೆಯಾ” ಎಂದರು ಗಿರಣಿಯಮ್ಮ. “ಅಲ್ಲಾ ಸಾ, ಇದನ್ನ ಮುಟ್ಟಿದ್ರೆ ಜುಮ್ ಅಂತದಲ್ಲ, ಯಾಕೆ? ನಮ್ಮೆಜಮಾನ್ರು ದಿನಾ ಬೆಳಗೆದ್ದು ಇದ್ಕೆ ಮಂಡಿ ಆನಿಸ್ಕೊಂಡು ಕೂತ್ಕತಾರೆ. ನೋವು ಎಷ್ಟೋ ವಾಸಿ ಅಂತಾರೆ.”

ಇವರು ನನ್ನ ಕಡೆ ತಿರುಗಿ ನಕ್ಕರು. “ನೋಡಿದ್ರಾ ಮೇಡಮ್ಮೋರೆ, ಬ್ಯಾರೆ ಯಾವ್ದಾದ್ರೂ ಸಿಸ್ಟಮ್ಮಲ್ಲಿ ಈ ಸೌಲಭ್ಯ ಐತಾ?”

ನಾನೂ ನಕ್ಕೆ. ಕೈ ಅಂಟಿಕೊಂಡ ಗಳಿಗೆಗಿಂತ ಆ ನಗುವೇ ನನ್ನನ್ನು ಹೆಚ್ಚು ಕಾಡುವುದು. ಮುಟ್ಟಿದರೆ ಜುಮ್ ಎನ್ನುವ ಲೋಹದ ಡಬ್ಬ ಎಂದರೆ ಏನೆಂದು ನನಗೆ ಗೊತ್ತಿತ್ತು.

ಒಳಗೆ ಫ್ಯಾನು ಎಸಳು ಸಿಕ್ಕಿದಂತೆ ಕರಕರ ಎಂದಿತು. ಇವರು ಡಬ್ಬವನ್ನು ತಿರುಗಿಸಲು ಎಡಗೈಯಿಂದ ಅದರ ಅಂಚು ಹಿಡಿದರು. ಹಿಡಿದವರು ಬಿಡಲಿಲ್ಲ. ಕೂಗಲೂ ಇಲ್ಲ. ಭುಜ ಒಂದು ಸಲ ಮೇಲೆ ಹೋಗಿ ಅಲ್ಲೇ ನಿಂತಿತು. ಬಾಯಿ ಅರ್ಧ ತೆರೆದುಕೊಂಡು, ಗಂಟಲಿನಿಂದ ಫ್ಯಾನಿನಂಥದೇ ಒಂದು ಸದ್ದು ಬಂತು. ನಾನು ಪರದೆ ನೋಡುತ್ತ ನಿಂತಿದ್ದೆ. ಅಲ್ಲಿ ಶೇಕಡಾ ಅರವತ್ತೆರಡು ಎಂದಿತ್ತು. ಅದು ಅರವತ್ತಮೂರಾಯಿತು. ಇದನ್ನು ಯಾರಿಗೂ ಹೇಳಿಲ್ಲ. ಅದು ಅರವತ್ತಮೂರಾದದ್ದನ್ನು ನಾನು ಓದಿದೆ.

ಗಿರಣಿಯಮ್ಮ ಮೂಲೆಯಲ್ಲಿದ್ದ ಪೊರಕೆ ಎತ್ತಿ, ಅದರ ಹಿಡಿಯಿಂದ ಬಾಗಿಲ ಮೇಲಿನ ಮೇನ್ ಸ್ವಿಚ್ಚನ್ನು ಕೆಳಕ್ಕೆ ಹೊಡೆದರು. ಗಿರಣಿ ನಿಂತಿತು. ಇವರು ರಾಗಿಹಿಟ್ಟಿನ ಚೀಲದ ಮೇಲೆ ಬಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ಅಪ್‌ಡೇಟ್ ಮುಗೀತಾ?”

“ನೀವೇ ಮುಗೀತಿದ್ರಿ ಕಣ್ ಸಾ!” ಎಂದು ಗಿರಣಿಯಮ್ಮ ಅಳುತ್ತಲೇ ಬೈದರು. ಆಮೇಲೆ ನನ್ನತ್ತ ತಿರುಗಿ, “ನೀನೇನ್ ತಾಯಿ, ಕಂಬದಂಗೆ ನಿಂತ್ಕಂಡೆ?” ಎಂದರು. ಅವರು ಗೋಡೆಯಿಂದ ಪ್ಲಗ್ಗು ಕಿತ್ತು ತಂದು ಇಬ್ಬರ ಮುಂದೂ ಹಿಡಿದರು. “ಇದ್ರ ದೊಡ್ ಕಾಲು ಎಲ್ಲಿ ಸಾ? ನಮ್ ಗಿರಣೀಲಿ ಇದಿಲ್ದೆ ಒಂದು ಮೋಟ್ರೂ ಓಡ್ಸಲ್ಲ.”

ಅಂಗೈಯಲ್ಲಿ ಬಿಳಿಯ ಸುಟ್ಟ ಗುರುತು ಬಿಟ್ಟರೆ ಏನೂ ಆಗಿಲ್ಲವೆಂದು ಡಾಕ್ಟರು ಸಂಜೆಗೆ ಮನೆಗೆ ಕಳಿಸಿದರು. ಮನೆ ಮುಟ್ಟಿದ ಮೇಲೆ ಅವರು ನಶ್ಯದ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹದಿನಾಲ್ಕು ತುಂಡು.

“ಇಷ್ಟೂ ಕಡೆ ನಾನೇ ಕುಯ್ದಿರೋದು ಮೇಡಮ್ಮೋರೆ. ಫೈಲಿಗೆಲ್ಲ ಮುಚ್ಚಳಿಕೆ ಬರೆಸ್ಕಂಡೆ.”

ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಕುಯ್ಯೋವಾಗ ಇದ್ದ ಬುದ್ಧಿ ಅಂಟ್ಸೋವಾಗ್ಲೂ ಇರ್ಲಿ. ನಾಳೆಯಿಂದ್ಲೇ ಹೊರ್ಡಿ” ಎಂದರು.

ಹೊಸ ವೈರುಗಳನ್ನು ಬಟ್ಟೆಚೀಲದಲ್ಲಿ ತುಂಬಿಕೊಂಡು, ಜೊತೆಗೊಬ್ಬ ಎಲೆಕ್ಟ್ರಿಷಿಯನ್‌ನನ್ನು ಒಪ್ಪಿಸಿ ಹೊರಟೆವು. ಈ ಸಲ ಮುಚ್ಚಳಿಕೆ ಅವರೇ ಬರೆದು ಕೊಡುತ್ತಿದ್ದರು. “ತಮ್ಮ ಮನೆಯ ಪ್ಲಗ್ಗಿನ ಪಿನ್ನನ್ನು ನಾನು ಅಜ್ಞಾನದಿಂದ ಕುಯ್ದಿದ್ದು, ಇಂದು ವೈರನ್ನು ಬದಲಿಸಿ ಅರ್ಥಿಂಗ್ ಸರಿಪಡಿಸಿರುತ್ತೇನೆ.” ಜನ ಅದನ್ನು ಓದಿ ಗಾಬರಿಯಾಗುತ್ತಾರೆಂದು ನಾನು ಹೆದರಿದ್ದೆ. ಯಾರೂ ಗಾಬರಿಯಾಗಲಿಲ್ಲ. ಚೆನ್ನಾಗಿರುವ ವೈರನ್ನು ಯಾಕೆ ಕಿತ್ತುಕೊಳ್ಳುತ್ತೀರಿ ಎಂದು ಜಗಳಕ್ಕೆ ಬಂದರು.

ಕುಣಿಗಲ್ಲಿನ ಒಂದು ಮನೆಯಲ್ಲಿ ಕಂಪ್ಯೂಟರು ಅಟ್ಟ ಸೇರಿ ಯಾವುದೋ ಕಾಲವಾಗಿತ್ತು. ಇವರಿಗೆ ದುಃಖವೂ ಆಯಿತು, ನೆಮ್ಮದಿಯೂ ಆಯಿತು.

“ವೈರೂ ಮೇಲೇ ಐತಾ?” ಎಂದು ಕೇಳಿದರು.

“ವೈರು ಬಲೇ ಚೆನ್ನಾಗೈತೆ ಸಾ, ಅದ್ನ ಯಾಕೆ ಅಟ್ಟಕ್ಕಾಕನ?” ಎಂದರು ಮನೆಯಾಕೆ. “ರೈಸ್ ಕುಕ್ಕರ್‌ಗೆ ಸರ್ಯಾಗಿ ಕೂತ್ಕತು.”

ಅಡುಗೆಮನೆಯಲ್ಲಿ ಸ್ಟೀಲಿನ ಕುಕ್ಕರು ಕುದಿಯುತ್ತಿತ್ತು. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಅದರ ಮುಚ್ಚಳದತ್ತ ಕೈ ಚಾಚಿದರು. ಇವರು ಆ ವಯಸ್ಸಿನಲ್ಲಿ, ಆ ಮಂಡಿಯಲ್ಲಿ, ಅಷ್ಟು ವೇಗವಾಗಿ ಹಾರಿ ಸ್ವಿಚ್ಚು ಆರಿಸಿದ್ದನ್ನು ನೋಡಿ ನಾನು ಬೆರಗಾದೆ. “ಅನ್ನ ಅರ್ಧಂಬರ್ಧ ಆಯ್ತಲ್ಲ ಸಾ” ಎಂದು ಆಕೆ ಸಿಟ್ಟಾದರು.

ಹದಿಮೂರು ಕಡೆ ಮುಗಿಯಿತು. ಹದಿನಾಲ್ಕನೆಯದು ಎಲ್ಲಿ ಎಂದು ಅವರಿಗೆ ನೆನಪಾಗಲಿಲ್ಲ. ಹಳೆಯ ಮುಚ್ಚಳಿಕೆಗಳ ಕಟ್ಟನ್ನೆಲ್ಲ ಬಿಚ್ಚಿ ನೋಡಿದರು. ಅವುಗಳಲ್ಲಿ ಫೈಲಿನ ವಿಷಯವಿತ್ತು, ಪಿನ್ನಿನ ವಿಷಯವಿರಲಿಲ್ಲ. ಅಂದಿನಿಂದ ಪ್ರತಿ ಬೆಳಿಗ್ಗೆ, ನಾನು ಕಾಲೇಜಿಗೆ ಹೊರಡುವಾಗ, ಗೇಟಿನ ಬಳಿ ಒಂದು ಅನುಮಾನ ಹಿಡಿದು ನಿಂತಿರುತ್ತಿದ್ದರು.

“ಮೇಡಮ್ಮೋರೆ, ಶೆಟ್ಟಿಹಳ್ಳಿ ಗೇಟ್ ಹತ್ರ ಒಬ್ರು ಟೈಲರ್ ಇದ್ರಲ್ಲ?”

ಹೋಗಿ ನೋಡಿದರೆ ಟೈಲರರ ಪ್ಲಗ್ಗಿಗೆ ಮೂರು ಪಿನ್ನೂ ಭದ್ರವಾಗಿರುತ್ತಿದ್ದವು. ಹೀಗೆ ಸುಮಾರು ಇಪ್ಪತ್ತು ಮನೆ. ನಮ್ಮ ಮನೆ, ಅವರ ಮನೆ, ನನ್ನ ಕಾಲೇಜಿನ ಲ್ಯಾಬು ಕೂಡ ಬಿಡಲಿಲ್ಲ. ಪತ್ರಿಕೆಯಲ್ಲಿ ಎಲ್ಲಾದರೂ ಕರೆಂಟು ಹೊಡೆದು ಸತ್ತ ಸುದ್ದಿ ಬಂದರೆ ಮೊದಲು ಊರಿನ ಹೆಸರು ನೋಡುತ್ತಿದ್ದರು, ಆಮೇಲೆ ಕೂತುಕೊಳ್ಳುತ್ತಿದ್ದರು. ಹೊಸದಾಗಿ ಲಿನಕ್ಸ್ ಹಾಕುವುದನ್ನು ನಿಲ್ಲಿಸಿಬಿಟ್ಟರು. “ಮೊದ್ಲು ಆ ಒಂದು ಸಿಗ್ಲಿ” ಎನ್ನುತ್ತಿದ್ದರು. ಸಿಗದೆಯೇ ಹೋದರು.

ಬಡಾವಣೆಯ ಭವನದಲ್ಲಿ ನುಡಿನಮನ ಏರ್ಪಾಡಾಯಿತು. ಅವರು ಮರುಜೀವ ಕೊಟ್ಟ ಕಂಪ್ಯೂಟರುಗಳ ಮಾಲೀಕರೆಲ್ಲ ಬಂದಿದ್ದರು. ಫೋಟೋದ ಮುಂದೆ ದೀಪ ಇದ್ದುದರಿಂದ ಎಲ್ಲರೂ ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದರು. ಬಂದವರು ಹೂ ಅದ್ದಿ ಹಾಕಲೆಂದು ನೀರಿನ ಬಟ್ಟಲೊಂದಿತ್ತು. ನೆಲದ ಮೇಲೆ ಅದರ ನೀರು ಹರಡಿತ್ತು.

ಸಂಘದ ಅಧ್ಯಕ್ಷರು ಮೈಕಿನ ಸ್ಟೀಲ್ ಕಂಬ ಹಿಡಿದು ಶುರು ಮಾಡಿದರು. ಹಿಡಿದವರು ತಟ್ಟನೆ ಬಿಟ್ಟು, ಕರ್ಚೀಫು ತೆಗೆದು ಅದರಲ್ಲಿ ಹಿಡಿದುಕೊಂಡರು. “ಅವರ ಬಗ್ಗೆ ಮಾತಾಡೋಕೆ ನನ್ನ ಕೈ ನಡುಗ್ತಿದೆ” ಎಂದರು. ಸಭೆ ಕಣ್ಣೊರೆಸಿಕೊಂಡಿತು. ಎರಡನೆಯವರ ಕೈಯೂ ನಡುಗಿತು. ಮೂರನೆಯವರು ಮೈಕಿಗೆ ಬಾಯಿ ಹತ್ತಿರ ತಂದವರು ಹಿಂದಕ್ಕೆ ಸರಿದು, ಮಾತೇ ಹೊರಡುತ್ತಿಲ್ಲವೆಂದು ಕುಳಿತರು. ಇಷ್ಟೊಂದು ಪ್ರೀತಿಯನ್ನು ಅವರು ಬದುಕಿದ್ದಾಗ ನಾನು ಕಂಡಿರಲಿಲ್ಲ.

ನನ್ನ ಹೆಸರು ಕರೆದರು. ಇನ್ನೊಂದು ಪ್ಲಗ್ಗು ಎಲ್ಲೋ ಉಳಿದಿದೆ, ಎಲ್ಲರೂ ದಯವಿಟ್ಟು ಮನೆಗೆ ಹೋಗಿ ನೋಡಿ ಎಂದು ಹೇಳಬೇಕೆಂದು ಹೋದೆ. ಅಷ್ಟು ಜನರ ಒದ್ದೆ ಕಣ್ಣು ನೋಡಿ, ಸತ್ತವರ ತಪ್ಪನ್ನು ಅವರ ಫೋಟೋದ ಮುಂದೆ ಹೇಗೆ ಹೇಳುವುದೆಂದು ಹಿಂಜರಿದೆ. ಅವರು ಸರಳ ಜೀವಿ, ಹಳೆಯದರಲ್ಲಿ ಹೊಸದನ್ನು ಕಂಡವರು ಎಂದು ಬೇರೆಯವರು ಹೇಳಿದ್ದನ್ನೇ ಹೇಳಿ, ಕಂಬವನ್ನು ಮುಟ್ಟದೆಯೇ ಇಳಿದೆ.

“ಈಗ ಅವರ ಶ್ರೀಮತಿಯವರು ಎರಡು ಮಾತು...” ಎಂದರು ಅಧ್ಯಕ್ಷರು.

ಅವರು ಫೋಟೋಗೆ ಹೂವು ಹಾಕಿ, ಬಟ್ಟಲಲ್ಲಿ ಅದ್ದಿದ ಕೈಯನ್ನು ಒರೆಸಿಕೊಳ್ಳದೆ, ಬರಿಗಾಲಲ್ಲಿ ಮೈಕಿನ ಕಡೆ ಬಂದರು. ಅಧ್ಯಕ್ಷರು ಕರ್ಚೀಫಿನಲ್ಲಿ ಹಿಡಿದಿದ್ದ ಕಂಬವನ್ನು ಅವರತ್ತ ವಾಲಿಸಿದರು. ಆ ಕರ್ಚೀಫು ನನ್ನ ಕಣ್ಣಿಗೆ ಬಿತ್ತು. ಕೈ ನಡುಗುವವನಿಗೆ ಕರ್ಚೀಫು ಯಾಕೆ?

ಮುಂದಿನದನ್ನು ಯೋಚಿಸಿ ಮಾಡಿದ್ದಲ್ಲ. ಗೋಡೆಯ ಪಕ್ಕದ ಆಂಪ್ಲಿಫೈಯರಿನತ್ತ ಓಡಿದೆ. ಓಡುವಾಗ ಎರಡು ಕುರ್ಚಿ ಉರುಳಿದವು. ಸ್ವಿಚ್ಚು ಆರಿಸಿದೆ.

“ಏನ್ರೀ ಮೇಡಂ, ಮೈಕ್ ಯಾಕೆ ಆಫ್ ಮಾಡಿದ್ರಿ?” ಎಂದು ಅಧ್ಯಕ್ಷರು ಗದರಿದರು.

“ಎಲ್ಲಾರೂ ಮಾತಾಡಿ ನನ್ ಸರದಿ ಬಂದಾಗ್ಲೇ ಆರಿಸ್ತೀಯಲ್ಲಮ್ಮ” ಎಂದರು ಅವರ ಹೆಂಡತಿ.

ನಾನು ಪ್ಲಗ್ಗು ಕಿತ್ತು ಎತ್ತಿ ಹಿಡಿದೆ. ಕೆಳಗಿನ ಎರಡು ಪಿನ್ನು ಹೊಳೆಯುತ್ತಿದ್ದವು. ಮೇಲಿನದರ ಜಾಗದಲ್ಲಿ ಬ್ಲೇಡಿನ ಗೀರುಗಳಿದ್ದ ಹಿತ್ತಾಳೆಯ ಚುಕ್ಕಿ. ಸಂಘದ ಕಾರ್ಯದರ್ಶಿ ತಲೆ ಕೆರೆದುಕೊಂಡರು.

“ಅದು ಸಾರೇ ಕೊಟ್ಟಿದ್ದು ಮೇಡಂ. ಹಳೇ ವೈರನ್ನ ಇಲಿ ಕಡ್ದಿತ್ತು. ಈ ಬಾಕ್ಸಿಗೆ ಕೂರಲ್ಲ ಅಂತ ಇಲ್ಲೇ ಮೆಟ್ಲ ಮೇಲೆ ಕೂತು ಕುಯ್ದುಕೊಟ್ರು.”

ನಾವು ಎರಡು ವರ್ಷ ಮನೆಗಳನ್ನೇ ಹುಡುಕಿದ್ದೆವು.

ಅವರ ಹೆಂಡತಿ ಹತ್ತಿರ ಬಂದು ನನ್ನ ಕೈಯಿಂದ ಪ್ಲಗ್ಗನ್ನು ತೆಗೆದುಕೊಂಡರು. ಒದ್ದೆ ಹೆಬ್ಬೆರಳಿನಿಂದ ಆ ಗೀರುಗಳನ್ನು ಒಮ್ಮೆ ಸವರಿ ನೋಡಿದರು.

“ಇದು ಹದ್ನಾಕನೇದಾ?”

“ಹೂಂ ಅಮ್ಮ.”

ಅವರು ಫೋಟೋದ ಕಡೆ ತಿರುಗಿ, ಮೈಕಿಲ್ಲದೆಯೇ ಇಡೀ ಭವನಕ್ಕೆ ಕೇಳಿಸುವಂತೆ ಹೇಳಿದರು.

“ಸಿಗ್ತು ಕಣ್ರೀ. ಇನ್ನು ಹೊರ್ಡಿ.”